ಒಂದೇ ಸೀಲು, ಮೂರು ಕಾಗದ

ಹೋದ ವರ್ಷ ಅಪ್ಪನ ಚೆಕ್ ಬ್ಯಾಂಕಿನಿಂದ ವಾಪಸ್ ಬಂತು. ಸಹಿ ಹೊಂದುತ್ತಿಲ್ಲ ಅಂತ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. 34 ವರ್ಷ ಮೇಷ್ಟ್ರಾಗಿ ಕರಿಹಲಗೆ ಮೇಲೆ ದುಂಡಗೆ ಬರೆದ ಕೈ ಅದು. ಪಾರ್ಕಿನ್ಸನ್ಸ್ ಬಂದ ಮೇಲೆ ಅವರ ಅಕ್ಷರ ನಡುಗುವುದಷ್ಟೇ ಅಲ್ಲ, ಚಿಕ್ಕದಾಗುತ್ತಾ ಹೋಗಿದೆ. ಸಹಿಯ ಮೊದಲ ಅಕ್ಷರ ಅವರದ್ದೇ. ಕೊನೆಯ ಅಕ್ಷರ ಬರುವಷ್ಟರಲ್ಲಿ ಅದೊಂದು ಇರುವೆ.

"ಕೈ ಇನ್ನೂ ಸ್ವಲ್ಪ ಮಾತು ಕೇಳ್ತಿದೆ. ಈಗಲೇ ಉಯಿಲು ಬರೆಸಿಬಿಡೋಣ" ಅಂದರು.

ನಮ್ಮ ಮನೆಯಲ್ಲಿ ಈ ಮಾತು ಎತ್ತುವುದು ಸುಲಭ ಇರಲಿಲ್ಲ. ಅಮ್ಮನಿಗೆ ಉಯಿಲು ಅಂದರೆ ಅಪಶಕುನ. ಆದರೆ ದೊಡ್ಡಪ್ಪನ ಮನೆಯ ಕಥೆ ನಮ್ಮೆಲ್ಲರ ಕಣ್ಣ ಮುಂದಿತ್ತು. ದೊಡ್ಡಪ್ಪ ಒಂದು ಸಾಲೂ ಬರೆದಿಡದೆ ಹೋದರು. ವಂಶವೃಕ್ಷ, ಪೌತಿ ಖಾತೆ ಅಂತ ಅಲೆದು ಅಲೆದು, ಕೊನೆಗೆ ಅವರ ಇಬ್ಬರು ಗಂಡುಮಕ್ಕಳು ಮಾತು ಬಿಟ್ಟರು. ಈಗಲೂ ಮದುವೆ ಮನೆಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ದೊಡ್ಡಮ್ಮ ಇಬ್ಬರ ಮಧ್ಯೆ ಕೂತಿರುತ್ತಾರೆ.

ನಾವು ಮೂವರು ಮಕ್ಕಳು. ಅಣ್ಣ ಬೆಂಗಳೂರಿನಲ್ಲಿ, ತಂಗಿ ಕೆನಡಾದ ವ್ಯಾಂಕೂವರ್ ಹತ್ತಿರ. ಶಿವಮೊಗ್ಗದಲ್ಲಿ ಅಪ್ಪ ಅಮ್ಮನ ಜೊತೆ ಇರುವವಳು ನಾನು. ಹಾಗಾಗಿ ಓಡಾಟ ನನ್ನ ಪಾಲಿಗೆ ಬಂತು.

ಮೊದಲು ಹೋಗಿದ್ದು ಕೋರ್ಟಿನ ಹತ್ತಿರದ ಒಂದು ಟೈಪಿಂಗ್ ಅಂಗಡಿಗೆ. ಹೋಗುವಾಗಲೇ ಬಾಂಡ್ ಪೇಪರ್ ತೆಗೆದುಕೊಂಡಿದ್ದೆ. ಅಲ್ಲಿದ್ದ ಹುಡುಗನ ಕಂಪ್ಯೂಟರಿನಲ್ಲಿ ಉಯಿಲಿನ ನಮೂನೆ ಸಿದ್ಧ ಇತ್ತು. ಹೆಸರು, ವಯಸ್ಸು, ಆಸ್ತಿ ವಿವರ ತುಂಬಿಸಿದ. ಹತ್ತು ನಿಮಿಷದ ಕೆಲಸ. "ತಂದೇನ ಕರ್ಕೊಂಡು ಬರೋದೇನೂ ಬೇಡ ಮೇಡಂ, ಮನೇಲೇ ಸೈನ್ ಮಾಡಿಸ್ಕೊಂಡು ಬನ್ನಿ. ನೋಟರಿ ಸೀಲು ನಾವೇ ಹಾಕಿಸಿಕೊಡ್ತೀವಿ" ಅಂದ.

ಆಗ ನನಗೆ ನಿರಾಳ ಅನಿಸಿತು. ರಾತ್ರಿ ಅದನ್ನು ಓದಲು ಕೂತಾಗ ಹಾಗಿರಲಿಲ್ಲ. "ನಾನು ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ, ಮನಃಪೂರ್ವಕವಾಗಿ ಬರೆಸಿದ ಮರಣಶಾಸನ" ಅಂತ ಮೊದಲ ಸಾಲಿನಲ್ಲೇ ಇತ್ತು. ಬರೆದವನು ಅಪ್ಪನ ಮುಖ ನೋಡಿಲ್ಲ. ಸೀಲು ಹಾಕುವವರೂ ನೋಡುವುದಿಲ್ಲ. ಹಾಗಾದರೆ ಅವರ ಚಿತ್ತ ಸ್ವಸ್ಥ ಇದೆ ಅಂತ ಯಾರು ನೋಡಿ ಹೇಳಿದ್ದು? ಬೆಳಿಗ್ಗೆ ಆ ಕಾಗದವನ್ನು ಹರಿದೆ.

ಪರಿಚಯದವರೊಬ್ಬರು ಇನ್ನೊಬ್ಬ ನೋಟರಿ ಹತ್ತಿರ ಕಳಿಸಿದರು. ಹೆಣ್ಣುಮಗಳು, ಐವತ್ತು ದಾಟಿದವರು. ನೋಟರಿ ಅಂದರೆ ಸೀಲು ಹೊಡೆಯುವ ಗುಮಾಸ್ತರು ಅಂತ ತುಂಬಾ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. 1952ರ ನೋಟರಿ ಕಾಯಿದೆ ಪ್ರಕಾರ ಸರ್ಕಾರ ನೇಮಿಸುವ ಹುದ್ದೆ ಅದು. ಸಾಮಾನ್ಯವಾಗಿ 10 ವರ್ಷ ವಕೀಲಿಕೆ ಮಾಡಿರಬೇಕು, ಮಹಿಳೆಯರಿಗೆ 7 ವರ್ಷ. ಮೇಡಂ ನನ್ನ ಕೈಯಲ್ಲಿದ್ದ ಇನ್ನೊಂದು ಬಾಂಡ್ ಪೇಪರ್ ನೋಡಿ, ಉಯಿಲಿಗೆ ಇದು ಬೇಕಾಗಿಯೇ ಇಲ್ಲ, ಬಿಳಿ ಹಾಳೆ ಸಾಕು ಅಂದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಮೇಷ್ಟ್ರು ಎಲ್ಲಿ?"

ಅವರಿಗೆ ನಡೆಯೋದು ಕಷ್ಟ ಅಂದೆ. "ಹಾಗಾದ್ರೆ ನಾನೇ ಬರ್ತೀನಿ. ಅವರನ್ನ ನೋಡದೆ ನಾನು ಒಂದಕ್ಷರ ಬರೆಯಲ್ಲ."

ಇನ್ನೊಂದು ಮಾತನ್ನೂ ಅವತ್ತೇ ಬಿಡಿಸಿ ಹೇಳಿದರು. "ನೋಡಿ, ಉಯಿಲಿಗೆ ಜೀವ ಬರೋದು ನನ್ನ ಸೀಲಿನಿಂದ ಅಲ್ಲ. ಇಬ್ಬರು ಸಾಕ್ಷಿಗಳಿಂದ." 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೇ ಕಲಂನಲ್ಲಿ ಮುಖ್ಯವಾಗಿ ಇರುವುದು ಇಷ್ಟು. ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಅದನ್ನು ಕಣ್ಣಾರೆ ನೋಡಿ, ಬರೆಸಿದವರ ಎದುರಿಗೇ ತಾವೂ ಸಹಿ ಹಾಕಬೇಕು. ನೋಟರಿ ಸೀಲು ಇಲ್ಲದಿದ್ದರೂ ಅದು ಉಯಿಲೇ. ಸೀಲು ಇದ್ದು ಸಾಕ್ಷಿ ಸರಿ ಇಲ್ಲದಿದ್ದರೆ ಬರೀ ಕಾಗದ. ಮುಂದೆ ಕೋರ್ಟಿನಲ್ಲಿ ಉಯಿಲನ್ನು ರುಜುವಾತು ಮಾಡಬೇಕಾದರೆ, ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು ಬರುವ ಸ್ಥಿತಿಯಲ್ಲಿದ್ದರೆ, ಅವರೇ ಬಂದು ಹೇಳಬೇಕು. "ಅದಕ್ಕೇ ಮೇಷ್ಟ್ರಿಗಿಂತ ಚಿಕ್ಕವರನ್ನ ನೋಡಿ. ಇದೇ ಊರಲ್ಲಿ ಇರೋರು. ಉಯಿಲಿನಲ್ಲಿ ಏನೂ ಸಿಗದೇ ಇರೋರು."

ಇಷ್ಟು ಹೇಳಿ ತಮ್ಮ ಸೀಲಿನ ಬೆಲೆಯನ್ನು ತಾವೇ ಕಡಿಮೆ ಮಾಡಿಕೊಂಡರಲ್ಲ ಅನಿಸಿತು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಆಗ.

ಮರುದಿನ ಸಂಜೆ ಸ್ಕೂಟರಿನಲ್ಲಿ ಬಂದರು. ಅಪ್ಪ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದರು. ಅಮ್ಮ ಕಾಫಿ ಕೊಟ್ಟರು. ಎರಡು ಗುಟುಕು ಕುಡಿದ ಮೇಲೆ ಮೇಡಂ ನನ್ನ ಕಡೆ ತಿರುಗಿ, "ಸ್ವಲ್ಪ ಹೊತ್ತು ನೀವು, ಅಮ್ಮ ಇಬ್ಬರೂ ಹೊರಗೆ ಇರಿ. ನಾನು ಮೇಷ್ಟ್ರ ಹತ್ರ ಒಬ್ಬಳೇ ಮಾತಾಡ್ಬೇಕು" ಅಂದರು.

ನಿಜ ಹೇಳುತ್ತೇನೆ, ನೋವಾಯಿತು. ಅಪ್ಪನಿಗೆ ಸ್ನಾನ ಮಾಡಿಸುವವಳು ನಾನು, ಮಾತ್ರೆ ನೆನಪಿಡುವವಳು ನಾನು. ರಾತ್ರಿ ಮಗ್ಗುಲು ಬದಲಿಸಲು ಕರೆಯುವುದೂ ನನ್ನನ್ನೇ. ಜಗುಲಿಯ ಮೇಲೆ ಅಮ್ಮನ ಪಕ್ಕ ಕೂತೆ. ಒಳಗಿಂದ ಅಪ್ಪನ ಸಣ್ಣ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. 40 ನಿಮಿಷ ಆಯಿತು. ಅಮ್ಮ ಒಂದು ಮೊಳ ಹೂವು ಕಟ್ಟಿ ಮುಗಿಸಿದರು.

ಹೊರಗೆ ಬಂದ ಮೇಲೆ ಮೇಡಂ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದರು. ಜೊತೆಗಿದ್ದು ನೋಡಿಕೊಳ್ಳುವವರ ಮೇಲೆಯೇ ನಾಳೆ ಅನುಮಾನ ಬರುವುದು. ಇವಳೇ ಕೈ ಹಿಡಿದು ಬರೆಸಿಕೊಂಡಳು ಅನ್ನುತ್ತಾರೆ. ಉಯಿಲಿನ ಬಗ್ಗೆ ದೇಶದ ಎಲ್ಲ ಕೋರ್ಟುಗಳೂ ಈಗಲೂ ನೆನೆಯುವ ತೀರ್ಪು ನಮ್ಮ ಮೈಸೂರು ಕಡೆಯ ಕೇಸಿನದ್ದೇ ಅಂತೆ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ನಡುವಿನದು, 1958ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿದ್ದು. ಉಯಿಲಿನಿಂದ ದೊಡ್ಡ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿದ್ದರೆ ಅದು ಅನುಮಾನಕ್ಕೆ ಕಾರಣ, ಆ ಅನುಮಾನ ಕಳೆಯುವ ಹೊಣೆ ಉಯಿಲನ್ನು ಮುಂದಿಡುವವರದ್ದು ಅಂತ ಅದರಲ್ಲಿದೆ. "ನಿಮ್ಮನ್ನ ಹೊರಗೆ ಕೂರಿಸಿದ್ದು ನಿಮಗೋಸ್ಕರಾನೇ" ಅಂದರು. ನೋವು ಅಲ್ಲಿಗೆ ಇಳಿಯಿತು.

ಒಳಗೆ ಏನು ಕೇಳಿದರು ಅಂತ ಆಮೇಲೆ ಅಪ್ಪನೇ ಹೇಳಿದರು. ಇವತ್ತು ಯಾವ ವಾರ, ಮಕ್ಕಳೆಷ್ಟು, ಯಾರು ಎಲ್ಲಿದ್ದಾರೆ, ಪೆನ್ಷನ್ ಎಷ್ಟು ಬರುತ್ತದೆ. ಆಮೇಲೆ ಪ್ರತಿ ಆಸ್ತಿಗೂ ಒಂದೇ ಪ್ರಶ್ನೆ: "ಇದು ನಿಮಗೆ ಹೇಗೆ ಬಂತು?"

ಈ ಪ್ರಶ್ನೆಯ ಆಳ ನಮಗೆ ಗೊತ್ತಿರಲಿಲ್ಲ. ಶಿವಮೊಗ್ಗದ ಮನೆ ಅಪ್ಪ ಸಂಬಳದಲ್ಲಿ, ಸಾಲ ಮಾಡಿ ಕಟ್ಟಿದ್ದು. ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ ಹಾಗಲ್ಲ. ಅದು ಮುತ್ತಜ್ಜನ ಕಾಲದ್ದು, ಅಣ್ಣತಮ್ಮಂದಿರ ಪಾಲಿನಲ್ಲಿ ಅಪ್ಪನಿಗೆ ಬಂದಿದ್ದು. ಪಹಣಿಯಲ್ಲಿ ಅಪ್ಪನೊಬ್ಬರ ಹೆಸರೇ ಇದ್ದರೂ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಅಪ್ಪ ಬರೆಯಬಹುದಾದ್ದು ತಮ್ಮ ಪಾಲನ್ನು ಮಾತ್ರ. ಟೈಪಿಂಗ್ ಅಂಗಡಿಯ ನಮೂನೆಯಲ್ಲಿ ಇಡೀ ತೋಟವನ್ನೇ ಬರೆದುಬಿಟ್ಟಿದ್ದರು.

ನನ್ನ ಹಕ್ಕಿನ ವಿಷಯವೂ ಆಗ ಬಂತು. ನನ್ನ ಮದುವೆ ಆಗಿದ್ದು 1992ರಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಇಡೀ ದೇಶಕ್ಕೆ ಬಂದಿದ್ದು 2005ರಲ್ಲಿ. ಆದರೆ ನಮ್ಮ ರಾಜ್ಯದ ತಿದ್ದುಪಡಿಯಲ್ಲಿ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿದ್ದರು. ಹಾಗಾಗಿ ನನಗೆ ಪಾಲಿಲ್ಲ ಅಂತಲೇ ಮನೆಯವರೆಲ್ಲ ತಿಳಿದಿದ್ದರು. ಮದುವೆ ಯಾವಾಗ ಆಯಿತು ಅನ್ನುವುದಕ್ಕೂ ಈಗಿನ ಹಕ್ಕಿಗೂ ಸಂಬಂಧ ಇಲ್ಲ, ಮಗಳಿಗೂ ಮಗನ ಹಾಗೆ ಹುಟ್ಟಿನಿಂದಲೇ ಹಕ್ಕು, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿದೆ ಅಂತ ಮೇಡಂ ವಿವರಿಸಿದರು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಇದ್ದಿದ್ದನ್ನ ಇದ್ದ ಹಾಗೇ ಬರೆಸಿ" ಅಂದ. ಆ ಒಂದು ಮಾತಿಗೆ ಅವನಿಗೆ ನಾನು ಋಣಿ.

ನಾಲ್ಕು ದಿನ ಬಿಟ್ಟು ಕರಡು ತಂದರು. ಅಪ್ಪನ ಎದುರು ಕೂತು ಕನ್ನಡದಲ್ಲಿ, ಒಂದೊಂದೇ ಸಾಲು, ಗಟ್ಟಿಯಾಗಿ ಓದಿದರು. ತೋಟದಲ್ಲಿ ತಮಗಿರುವ ಪಾಲು ಅಣ್ಣನಿಗೆ. ಯಾಕೆ ಅಂತ ಕಾರಣವನ್ನೂ ಬರೆಸಿದ್ದರು: ಪ್ರತಿ ತಿಂಗಳೂ ಬಂದು ತೋಟ ಉಳಿಸಿದವನು ಅವನು. ಹೆಚ್ಚು ಕಡಿಮೆ ಮಾಡಿದಾಗ ಕಾರಣ ಬರೆದಿಡುವುದು ಒಳ್ಳೆಯದಂತೆ, ಆಮೇಲೆ ಅದರ ಅರ್ಥ ಬೇರೆಯವರು ಹಚ್ಚುವುದು ತಪ್ಪುತ್ತದೆ. ಠೇವಣಿ ಹಣ ನನಗೂ ತಂಗಿಗೂ. ಬ್ಯಾಂಕಿನಲ್ಲಿ ನಾಮಿನಿ ಅಂತ ನನ್ನ ಹೆಸರು ಮೊದಲೇ ಇತ್ತು. ಆದರೆ ನಾಮಿನಿ ಅಂದರೆ ಹಣ ಕೈಗೆ ತೆಗೆದುಕೊಳ್ಳುವವರು ಅಷ್ಟೇ, ಮಾಲೀಕರಲ್ಲ. ಅದಕ್ಕೇ ಉಯಿಲಿನಲ್ಲೂ ಬರಬೇಕಾಯಿತು.

ಮನೆಯ ಸಾಲು ಬಂದಾಗ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅಂಗಡಿಯ ನಮೂನೆಯಲ್ಲಿ ಇದ್ದದ್ದು, ಪತ್ನಿ ಬದುಕಿರುವವರೆಗೆ ಅನುಭವಿಸಿಕೊಂಡು ಹೋಗತಕ್ಕದ್ದು, ನಂತರ ಮಕ್ಕಳಿಗೆ ಅಂತ. ಇಂಥ ಸಾಲಿನಿಂದ ಎಷ್ಟೋ ಮನೆಗಳು ಕೋರ್ಟು ಹತ್ತಿವೆ ಅಂತ ಮೇಡಂ ಅಪ್ಪನಿಗೆ ಹೇಳಿದ್ದರಂತೆ. ಹೆಂಡತಿಗೆ ಮಾರುವ ಹಕ್ಕಿದೆಯೋ ಇಲ್ಲವೋ, ಅಡ ಇಡಬಹುದೋ, ಅನುಮಾನ ಇಲ್ಲದ ಹಾಗೆ ಬರೆಸಿ ಅಂದಿದ್ದರಂತೆ. ಅಪ್ಪ ಅದಕ್ಕೆ ಕೊಟ್ಟ ಉತ್ತರ ಕರಡಿನಲ್ಲಿತ್ತು. ಮನೆ ಅಮ್ಮನಿಗೆ, ಸಂಪೂರ್ಣ ಹಕ್ಕಿನಿಂದ. ಇಟ್ಟುಕೊಳ್ಳಬಹುದು, ಮಾರಬಹುದು, ಯಾರಿಗೆ ಬೇಕಾದರೂ ಕೊಡಬಹುದು. ಅಕಸ್ಮಾತ್ ಅಮ್ಮನೇ ಮೊದಲು ಹೋದರೆ ಮಾತ್ರ ಮೂವರು ಮಕ್ಕಳಿಗೆ ಸಮನಾಗಿ.

ಅಮ್ಮ ಏನೂ ಮಾತಾಡಲಿಲ್ಲ. ಸೆರಗಿನಿಂದ ಬಾಗಿಲ ಚೌಕಟ್ಟು ಒರೆಸಿದರು, ಅಲ್ಲಿ ಧೂಳು ಇರಲಿಲ್ಲ. 55 ವರ್ಷದ ಸಂಸಾರದಲ್ಲಿ ಅವರ ಹೆಸರಿನಲ್ಲಿ ಒಂದು ಗುಂಟೆ ಜಾಗವೂ ಇರಲಿಲ್ಲ.

ಸಹಿಯ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ಮಾತ್ರೆ ತೆಗೆದುಕೊಂಡ ಒಂದು ಗಂಟೆಗೆ ಕೈ ಸ್ವಲ್ಪ ಹಿಡಿತಕ್ಕೆ ಬರುತ್ತದೆ, ಆ ಹೊತ್ತಿಗೇ ಎಲ್ಲರನ್ನೂ ಕರೆದಿದ್ದೆ. ಸಾಕ್ಷಿಗಳು ಇಬ್ಬರು. ಅಪ್ಪನನ್ನು ವರ್ಷಗಳಿಂದ ನೋಡುತ್ತಿರುವ ಡಾಕ್ಟರು ಒಬ್ಬರು, ಇನ್ನೊಬ್ಬರು ಅಪ್ಪನ ಹಳೆಯ ಶಿಷ್ಯ. ಡಾಕ್ಟರು ಅವತ್ತೇ ಪರೀಕ್ಷೆ ಮಾಡಿ, ಬುದ್ಧಿ ಸ್ವಾಧೀನದಲ್ಲಿದೆ, ಹೇಳಿದ್ದು ಅರ್ಥವಾಗುತ್ತದೆ ಅಂತ ಅದೇ ತಾರೀಖಿನ ಸರ್ಟಿಫಿಕೇಟ್ ಬರೆದುಕೊಟ್ಟರು. ಕಾಯಿದೆ ಇದನ್ನು ಕೇಳುವುದಿಲ್ಲ. ಮೇಡಂ ಕೇಳಿದರು.

ಆರು ಹಾಳೆ. ಪ್ರತಿ ಹಾಳೆಯ ಕೆಳಗೆ ಸಹಿ. ಅಪ್ಪ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದರು. ಪೆನ್ನಿನ ತುದಿ ಕಾಗದಕ್ಕೆ ತಾಗುವ ಮೊದಲು ಗಾಳಿಯಲ್ಲೇ ಎರಡು ಸಲ ಬರೆಯಿತು. ಆಮೇಲೆ ಕೆಳಗಿಳಿಯಿತು. ಶಿಷ್ಯ ತಾವಾಗಿ ಕೈ ಹಿಡಿಯಲು ಮುಂದೆ ಬಂದರು. "ಬೇಡ, ಯಾರೂ ಮುಟ್ಟಬೇಡಿ" ಅಂದರು ಮೇಡಂ. ಆರು ಸಹಿಗೆ 20 ನಿಮಿಷ. ಯಾರೂ ಅವಸರ ಮಾಡಲಿಲ್ಲ. ಬ್ಯಾಂಕಿನ ಹಾಗೆ ಮುಂದೆ ಯಾರಾದರೂ ಸಹಿ ಹೊಂದುವುದಿಲ್ಲ ಅಂದರೆ ಅಂತ, ಪ್ರತಿ ಸಹಿಯ ಪಕ್ಕ ಎಡಗೈ ಹೆಬ್ಬೆಟ್ಟೂ ಒತ್ತಿಸಿದರು. ಸಾಕ್ಷಿಗಳು ಅಪ್ಪನ ಎದುರಿಗೇ ಸಹಿ ಹಾಕಿದರು. ಕೊನೆಗೆ ಮೇಡಂ ಬಟ್ಟೆ ಚೀಲದಿಂದ ದಪ್ಪ ರಿಜಿಸ್ಟರ್ ತೆಗೆದು, ಕ್ರಮಸಂಖ್ಯೆ, ತಾರೀಖು, ಕಾಗದದ ವಿವರ ಬರೆದು ಅದರಲ್ಲೂ ಅಪ್ಪನ ಸಹಿ ತೆಗೆದುಕೊಂಡರು. ಆಮೇಲೆ ಸೀಲು.

ಎರಡನೇ ಕಾಗದ ಪವರ್ ಆಫ್ ಅಟಾರ್ನಿ. ಬ್ಯಾಂಕು, ತೋಟದ ಕಂದಾಯ, ಕರೆಂಟು ಬಿಲ್ಲು, ಇಂಥ ಕೆಲಸಕ್ಕೆ ನನಗೆ ಅಧಿಕಾರ. ಇದಕ್ಕೆ ಛಾಪಾ ಕಾಗದ, ಅಂದರೆ ಆ ಬಾಂಡ್ ಪೇಪರ್, ಬೇಕು. ಇಲ್ಲಿ ನೋಟರಿ ಸೀಲಿನ ತೂಕ ಜಾಸ್ತಿ: ನೋಟರಿ ಎದುರು ಬರೆದು, ಅವರು ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಸರಿಯಾಗಿಯೇ ಆಗಿದೆ ಅಂತ ಕೋರ್ಟು ಮೊದಲಿಗೆ ಒಪ್ಪಿಕೊಂಡು ಹೊರಡುತ್ತದೆ. ಸುಳ್ಳು ಅನ್ನುವವರು ಅದನ್ನು ತೋರಿಸಬೇಕು. ಮಾರುವ ಅಧಿಕಾರವನ್ನು ಮೇಡಂ ಸೇರಿಸಲಿಲ್ಲ, ನಾನೂ ಕೇಳಲಿಲ್ಲ. ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮನೆ ಜಾಗ ಕೊಂಡರೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಜನ ಕೊಳ್ಳುವುದು ನಿಂತಿಲ್ಲ.

ಇದರ ದೊಡ್ಡ ಕೊರತೆ ನನ್ನ ನಿದ್ದೆ ಕೆಡಿಸಿತು. ಕೊಟ್ಟವರು ತೀರಿಕೊಂಡರೆ ಈ ಪತ್ರ ಮುಗಿಯಿತು. ಅದು ಸರಿ. ಆದರೆ ಅವರ ಬುದ್ಧಿ ಸ್ವಾಧೀನ ತಪ್ಪಿದರೂ ನಮ್ಮ ಕಾಯಿದೆಯಲ್ಲಿ ಮುಗಿಯುತ್ತದೆ. ಅಂದರೆ ಬಹಳ ಬೇಕಾದ ಹೊತ್ತಿಗೇ ಕೆಲಸಕ್ಕೆ ಬರುವುದಿಲ್ಲ! ಆಗ ಗಾರ್ಡಿಯನ್ ನೇಮಕಕ್ಕೆ ಕೋರ್ಟಿಗೆ ಹೋಗಬೇಕು. ಕೋಮಾದಲ್ಲಿರುವವರ ಮನೆಯವರು ಹೈಕೋರ್ಟ್ ಮೆಟ್ಟಿಲು ಹತ್ತುವುದು ಇದಕ್ಕೇ.

ತಂಗಿ ಇರುವ ಬ್ರಿಟಿಷ್ ಕೊಲಂಬಿಯಾದಲ್ಲಿ ಹಾಗಿಲ್ಲ. ಅವಳೂ ಗಂಡನೂ ಅಲ್ಲಿನ ನೋಟರಿ ಹತ್ತಿರವೇ ಉಯಿಲು ಬರೆಸಿದ್ದಾರೆ. ಜೊತೆಗೆ ಎಂಡ್ಯೂರಿಂಗ್ ಪವರ್ ಆಫ್ ಅಟಾರ್ನಿ ಅಂತ ಒಂದು ಇದೆ, ಬುದ್ಧಿ ಮಂಕಾದ ಮೇಲೂ ಅದು ನಡೆಯುತ್ತದೆ. ಆರೋಗ್ಯದ ನಿರ್ಧಾರಕ್ಕೆ ರೆಪ್ರೆಸೆಂಟೇಶನ್ ಅಗ್ರಿಮೆಂಟ್ ಅಂತ ಬೇರೆ ಪತ್ರ. ನಲವತ್ತರ ಆಸುಪಾಸಿನಲ್ಲೇ ಅಲ್ಲಿ ಎಷ್ಟೋ ಜನ ಇದನ್ನೆಲ್ಲ ಮಾಡಿಟ್ಟುಕೊಳ್ಳುತ್ತಾರಂತೆ. ನಮ್ಮಲ್ಲೂ ಅಂಥ ಕಾಯಿದೆ ಬರಲೇಬೇಕು. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು, ಅವರದ್ದೇ ಹಣದಲ್ಲಿ ಅವರಿಗೆ ಔಷಧಿ ತರಲಾಗದೆ ಒದ್ದಾಡುವವರನ್ನು ನಾನು ನೋಡಿದ್ದೇನೆ.

ಮೂರನೇ ಕಾಗದ ಕೇಳಿದ್ದು ಅಪ್ಪನೇ. ಅವರ ಜೊತೆ ಕೆಲಸ ಮಾಡಿದ ಮೇಷ್ಟ್ರೊಬ್ಬರು ಮೂರು ವಾರ ವೆಂಟಿಲೇಟರ್ ಮೇಲಿದ್ದು ತೀರಿಕೊಂಡಿದ್ದರು. "ನಂಗೆ ಆ ಪೈಪು ಬೇಡ. ಗುಣ ಆಗಲ್ಲ ಅಂತ ಗೊತ್ತಾದ ಮೇಲೆ ಮನೆಗೆ ಕರ್ಕೊಂಡು ಬಂದುಬಿಡಿ" ಅಂತ ಆಗಾಗ ಹೇಳುತ್ತಿದ್ದರು. ಹೀಗೆ ಬರೆದಿಡಲು ಬರುತ್ತದೆ ಅಂತ ಮೇಡಂ ಹೇಳಿದಾಗ ಅವರ ಮುಖ ಅರಳಿತು.

ಇದಕ್ಕೆ ಲಿವಿಂಗ್ ವಿಲ್ ಅನ್ನುತ್ತಾರೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಮಾಡಿದರೆ ಸಾಕು ಅಂತ ಮಾಡಿದರು. ಉಯಿಲಿನಲ್ಲಿ ಇದ್ದರೂ ಇಲ್ಲದಿದ್ದರೂ ನಡೆಯುತ್ತಿದ್ದ ಅದೇ ಸೀಲು, ಗೆಜೆಟೆಡ್ ಅಧಿಕಾರಿಯ ಹತ್ತಿರ ಹೋಗದಿದ್ದರೆ, ಇಲ್ಲಿ ಬೇಕೇ ಬೇಕು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿ ಮಾಡಲು ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. ಅವರ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದಿದ್ದರು. "ನಮ್ಮ ಮೇಷ್ಟ್ರ ಜಾತಿಯವರೇ" ಅಂತ ಹೆಮ್ಮೆಯಿಂದ ಹೇಳುತ್ತಾರೆ.

ಇದು ಪ್ರಾಣ ತೆಗೆಯುವ ಪತ್ರ ಅಲ್ಲ. ಅಮ್ಮನಿಗೆ ಇದನ್ನು ಅರ್ಥ ಮಾಡಿಸಲು ಎರಡು ಸಂಜೆ ಹಿಡಿಯಿತು. ವಾಸಿಯಾಗುವ ಜ್ವರಕ್ಕೆ, ಮುರಿದ ಕಾಲಿಗೆ ಚಿಕಿತ್ಸೆ ಇದ್ದೇ ಇರುತ್ತದೆ. ನೋವು ಕಡಿಮೆ ಮಾಡುವ ಆರೈಕೆ ಯಾವತ್ತೂ ನಿಲ್ಲುವುದಿಲ್ಲ. ಗುಣವಾಗುವ ಆಸೆ ಇಲ್ಲ ಅಂತ ಆಸ್ಪತ್ರೆಯ ಡಾಕ್ಟರುಗಳ ಎರಡು ಮಂಡಳಿಗಳು ಒಂದರ ಮೇಲೊಂದು ನೋಡಿ ಹೇಳಿದ ಮೇಲೆ, ಅಪ್ಪನಿಗೆ ತಾವೇ ಮಾತಾಡಲು ಆಗದಿದ್ದರೆ ಮಾತ್ರ, ಈ ಪತ್ರ ಅವರ ಪರವಾಗಿ ಮಾತಾಡುತ್ತದೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದುಕೊಟ್ಟು ರದ್ದು ಮಾಡಬಹುದು. ಅವರ ಪರವಾಗಿ ನಿರ್ಧರಿಸುವವರು ಅಂತ ಅಣ್ಣನ ಹೆಸರು, ನನ್ನ ಹೆಸರು ಬರೆಸಿದರು. ತಂಗಿ ವಿಡಿಯೋ ಕಾಲ್‌ನಲ್ಲಿ ಅತ್ತಳು. ಆಮೇಲೆ "ಅಪ್ಪ ಹೇಳಿದ್ದೇ ಸರಿ" ಅಂದಳು. ಒಂದು ಪ್ರತಿ ನಮ್ಮ ಡಾಕ್ಟರಿಗೆ, ಇನ್ನೊಂದು ಮಹಾನಗರ ಪಾಲಿಕೆಗೆ ಕೊಟ್ಟೆವು.

ಉಯಿಲನ್ನು ನೋಂದಣಿಯನ್ನೂ ಮಾಡಿಸಿದೆವು. ಕಡ್ಡಾಯ ಅಲ್ಲ, ಇಷ್ಟು ದಿನದೊಳಗೆ ಅಂತಲೂ ಇಲ್ಲ. ಆದರೆ ಮೂಲ ಪ್ರತಿ ಕಳೆದುಹೋದರೂ ಸಬ್ ರಿಜಿಸ್ಟ್ರಾರ್ ಆಫೀಸಿನ ದಾಖಲೆ ಇರುತ್ತದೆ. ಅಪ್ಪ ಬದುಕಿರುವ ತನಕ ಬೇರೆ ಯಾರು ಕೇಳಿದರೂ ಅದರ ನಕಲು ಕೊಡುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಸಮಯ ತೆಗೆದುಕೊಂಡು, ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದೆವು. ಫೋಟೋ, ಹೆಬ್ಬೆಟ್ಟು ಆಯಿತು. ಸೀದಾ ಮನೆಗೆ ಬಂದೆವು.

ಆ ರಾತ್ರಿ ಮೂರೂ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಇಡುತ್ತಿದ್ದೆ. ಅಮ್ಮ ಬಂದು ಮಂಚದ ತುದಿಯಲ್ಲಿ ಕೂತರು. ಉಯಿಲು ಅಂದರೆ ಅಪಶಕುನ ಅನ್ನುತ್ತಿದ್ದವರು.

"ಅಲ್ವೇ, ಮುಂದೆ ಮನೆ ನಂದಾದ್ರೆ ನಾನೂ ಬರೆಸಿಡ್ಬೇಕಲ್ವಾ? ಒಡವೆ ಬೇರೆ ಇದೆ."

"ಬರೆಸೋಣ ಅಮ್ಮ."

"ಸೋಮವಾರ ಬರ್ತಾರಾ ಕೇಳು ಆ ಮೇಡಮ್ಮಿಗೆ. ನೀನು ಮಾತ್ರ ಅವತ್ತೂ ಜಗುಲಿ ಮೇಲೆ ಕೂತ್ಕೋಬೇಕು ನೋಡು."